ಮಗಳು ಸ್ಕೂಬಾ ಕಲಿಯಬೇಕು ಅನ್ನುತ್ತಾಳೆ, ನನಗೆ ಶಾರ್ಕ್ ಭಯ

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳಿಗೆ 19 ವರ್ಷ. ಚಿಕ್ಕಂದಿನಿಂದಲೂ ಅವಳಿಗೆ ನೀರು ಅಂದ್ರೆ ಪ್ರಾಣ. ಈ ರಜೆಯಲ್ಲಿ ಸ್ಕೂಬಾ ಡೈವಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಾನು ಮೊದಲು ಒಪ್ಪಿದ್ದೆ. ಆಮೇಲೆ ಯಾರೋ ಫೋನಿಗೆ ಒಂದು ವಿಡಿಯೋ ಕಳಿಸಿದರು. ಈಜುತ್ತಿದ್ದವರ ಮೇಲೆ ಶಾರ್ಕ್ ಎರಗುವ ದೃಶ್ಯ. ಅವತ್ತಿನಿಂದ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಒಂದು ಹನಿ ರಕ್ತ ಬಿದ್ದರೂ ಮೈಲುಗಟ್ಟಲೆ ದೂರದಿಂದ ಶಾರ್ಕ್ ಬರುತ್ತದಂತೆ, ನಿಜವೇ? ಹಾಗಾದರೆ ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಕಡಲಿಗೆ ಇಳಿಯುವುದು ಹೇಗೆ? ನೀರಿನೊಳಗೆ ಶಾರ್ಕ್ ಎದುರಾದರೆ ಅವಳು ಏನು ಮಾಡಬೇಕು? ಇನ್ನೊಂದು ಮಾತು. ನನ್ನ ತಮ್ಮ ಹೇಳುತ್ತಾನೆ, ಇಷ್ಟು ಅಪಾಯದ ಪ್ರಾಣಿಯನ್ನು ಉಳಿಸುವುದೇಕೆ, ಎಲ್ಲಾ ಹಿಡಿದು ಮುಗಿಸಿದರೆ ಆಯ್ತಲ್ಲ ಎಂದು. ನನಗೂ ಒಮ್ಮೊಮ್ಮೆ ಹಾಗೇ ಅನಿಸುತ್ತದೆ. ಕಡಲಿನಲ್ಲಿ ಶಾರ್ಕ್ ಇಲ್ಲದಿದ್ದರೆ ನಿಜವಾಗಿಯೂ ಏನಾದರೂ ನಷ್ಟ ಇದೆಯಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಚಿಂತೆಗಳಿವೆ. ಮಗಳನ್ನು ನೀರಿಗೆ ಕಳಿಸುವುದೋ ಬೇಡವೋ ಎಂಬುದು ಒಂದು. ಈ ಪ್ರಾಣಿ ಇದ್ದು ಯಾರಿಗೆ ಏನು ಉಪಯೋಗ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ. ಕಳಿಸಿ. ಆದರೆ ಶಾರ್ಕ್ ಬಗ್ಗೆ ಸರಿಯಾಗಿ ತಿಳಿಸಿ ಕಳಿಸಿ. ಯಾಕೆಂದರೆ ಸ್ಕೂಬಾ ಮಾಡುವವರಿಗೆ ಶಾರ್ಕ್‌ಗಿಂತ ಶಾರ್ಕ್‌ನ ಭಯವೇ ಜಾಸ್ತಿ ಅಪಾಯ. ಇದು ನಿಮ್ಮ ಸಮಾಧಾನಕ್ಕೆ ಹೇಳುವ ಮಾತಲ್ಲ. ಶಾರ್ಕ್‌ಗಳ ಅಧ್ಯಯನಕ್ಕಾಗಿ 25 ವರ್ಷಗಳಿಂದ ನೀರಿಗೆ ಇಳಿಯುತ್ತಿದ್ದೇನೆ. ಮೊದಲ ಸಲ ಶಾರ್ಕ್ ಕಂಡ ದಿನ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಸುಮಾರು 12 ಮೀಟರ್ ಆಳದಲ್ಲಿದ್ದೆವು. ಹವಳದ ದಿಬ್ಬದ ಅಂಚಿನಿಂದ ಬೂದು ಬಣ್ಣದ ಶಾರ್ಕ್ ಒಂದು ಬಂತು. ಹೆಚ್ಚುಕಡಿಮೆ ನನ್ನಷ್ಟೇ ಉದ್ದ. ಅದು ನನ್ನನ್ನು ಗಮನಿಸಿದ ಹಾಗೂ ಕಾಣಲಿಲ್ಲ. ನನ್ನ ಉಸಿರು ಮಾತ್ರ ಹತೋಟಿ ತಪ್ಪಿತು. ಹೇಗಾದರೂ ಮೇಲೆ ಹೋಗಿಬಿಡಬೇಕು ಅನಿಸಿತು. ಜೊತೆಗಿದ್ದ ಗುರುಗಳು ನನ್ನ ತೋಳು ಹಿಡಿದು ನಿಲ್ಲಿಸಿದರು. ನಿಧಾನ, ನಿಧಾನ ಎಂದು ಕೈಸನ್ನೆ ಮಾಡಿದರು. ಶಾರ್ಕ್ ಒಂದು ಸುತ್ತು ಹಾಕಿ ಹೊರಟುಹೋಯಿತು. ಮೇಲೆ ಬಂದು ನೋಡಿದರೆ ನನ್ನ ಸಿಲಿಂಡರಿನಲ್ಲಿ ಅವರ ಸಿಲಿಂಡರಿನ ಅರ್ಧದಷ್ಟು ಗಾಳಿಯೂ ಉಳಿದಿರಲಿಲ್ಲ.

ಅವತ್ತು ಅವರು ನನ್ನನ್ನು ಹಿಡಿಯದಿದ್ದರೆ ಏನಾಗುತ್ತಿತ್ತು ಎಂದು ಈಗ ಗೊತ್ತು. ಉಸಿರು ಬಿಗಿಹಿಡಿದು ಆಳದಿಂದ ಸರ್ರನೆ ಮೇಲೆ ಬಂದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ. ಶ್ವಾಸಕೋಶ ಹರಿಯಬಹುದು. ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೂ ಹೋಗಬಹುದು. ಡೈವಿಂಗ್‌ನಲ್ಲಿ ಜೀವ ಹೋಗುವುದು ಹೆಚ್ಚಾಗಿ ಗಾಬರಿಯಿಂದ, ಗಾಳಿ ಮುಗಿಯುವುದರಿಂದ, ತೀರಾ ಬೇಗ ಮೇಲೇರುವುದರಿಂದ, ಇಲ್ಲವೇ ಮೊದಲೇ ಇದ್ದ ಹೃದಯದ ತೊಂದರೆಯಿಂದ. ಶಾರ್ಕ್ ಆ ಪಟ್ಟಿಯಲ್ಲಿ ಎಲ್ಲೋ ತೀರಾ ಕೆಳಗಿದೆ.

ಈಗ ಲೆಕ್ಕಕ್ಕೆ ಬರೋಣ. ಪ್ರಪಂಚದಲ್ಲಿ ಎಲ್ಲೆಲ್ಲಿ ಶಾರ್ಕ್ ಮನುಷ್ಯರನ್ನು ಕಚ್ಚಿದೆ ಎಂಬ ದಾಖಲೆಯನ್ನು ಅಮೆರಿಕದ ಫ್ಲೋರಿಡಾದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇಡುತ್ತದೆ. ಮನುಷ್ಯ ಕೆಣಕದೆಯೇ ಶಾರ್ಕ್ ಕಚ್ಚಿದ ಘಟನೆಗಳು 2023ರಲ್ಲಿ 69, 2024ರಲ್ಲಿ 47. ಅವುಗಳಲ್ಲಿ ಸತ್ತವರು 2023ರಲ್ಲಿ 10 ಜನ, 2024ರಲ್ಲಿ 4 ಜನ. ಇದು ಭೂಮಿಯ ಎಲ್ಲ ಕಡಲುಗಳೂ ಸೇರಿದ ಲೆಕ್ಕ. ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಈಜುಗಾರರು ಮತ್ತು ಸರ್ಫಿಂಗ್ ಮಾಡುವವರು, ಅಂದರೆ ಹಲಗೆಯ ಮೇಲೆ ಅಲೆ ಏರಿ ಆಡುವವರು. ನೀರಿನ ಮೇಲ್ಭಾಗದಲ್ಲಿ ಕೈಕಾಲು ಬಡಿಯುತ್ತಾ ಇರುವವರು ಅಂತ ಇಟ್ಟುಕೊಳ್ಳಿ. ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿದವರ ಪಾಲು ತೀರಾ ಸಣ್ಣದು.

ಇದನ್ನು ಹೇಳುವಾಗ ಕೆಲವರು ಸಿಡಿಲು ಬಡಿದು ಸಾಯುವವರೇ ಜಾಸ್ತಿ, ಜೇನುಹುಳು ಕಚ್ಚಿ ಸಾಯುವವರೇ ಜಾಸ್ತಿ ಎಂದು ಹೋಲಿಸುತ್ತಾರೆ. ನನಗೆ ಆ ಹೋಲಿಕೆ ಇಷ್ಟವಿಲ್ಲ. ಸಿಡಿಲಿನ ಕೆಳಗೆ ಎಲ್ಲರೂ ಬದುಕುತ್ತೇವೆ. ಶಾರ್ಕ್ ಇರುವ ನೀರಿಗೆ ಇಳಿಯುವವರು ಕೆಲವರು ಮಾತ್ರ. ನಿಮ್ಮ ಮಗಳು ಆ ಕೆಲವರಲ್ಲಿ ಒಬ್ಬಳಾಗುತ್ತಾಳೆ. ಹಾಗಾಗಿ ಅವಳ ಅಪಾಯ ಸೊನ್ನೆ ಅಂತ ನಾನು ಹೇಳುವುದಿಲ್ಲ. ತುಂಬಾ ತುಂಬಾ ಕಡಿಮೆ ಅನ್ನುತ್ತೇನೆ. ಎಷ್ಟು ಕಡಿಮೆ ಎಂಬುದು ಅವಳು ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಜೊತೆ ಇಳಿಯುತ್ತಾಳೆ ಎಂಬುದರ ಮೇಲೆ ನಿಂತಿದೆ.

ನಿಮ್ಮ ಭಯದಲ್ಲಿ ತಪ್ಪಿಲ್ಲ. ಕಾಣದ ಜಾಗದಿಂದ, ಕೆಳಗಿನಿಂದ, ಹಲ್ಲಿರುವ ಏನೋ ಒಂದು ಬರುತ್ತದೆ ಅಂದರೆ ಯಾರ ಎದೆ ತಾನೆ ನಡುಗುವುದಿಲ್ಲ? ಆದರೆ ಈ ಭಯ ಎಲ್ಲ ಕಾಲದಲ್ಲೂ ಹೀಗೇ ಇರಲಿಲ್ಲ. 1891ರಲ್ಲಿ ಹರ್ಮನ್ ಓಲ್ರಿಕ್ಸ್ ಎಂಬ ಅಮೆರಿಕದ ಶ್ರೀಮಂತರೊಬ್ಬರು ಒಂದು ಪಂಥ ಒಡ್ಡಿದ್ದರು. ಅಲ್ಲಿನ ಪೂರ್ವ ಕರಾವಳಿಯ ತಂಪು ನೀರಿನಲ್ಲಿ ಬದುಕಿರುವ ಮನುಷ್ಯನ ಮೇಲೆ ಶಾರ್ಕ್ ಎರಗಿದ್ದನ್ನು ಸಾಬೀತು ಮಾಡಿದರೆ 500 ಡಾಲರ್ ಕೊಡುತ್ತೇನೆ ಎಂದು. ಆ ಹಣ ಯಾರಿಗೂ ಸಿಗಲಿಲ್ಲ. ಆಗಿನ ವಿಜ್ಞಾನಿಗಳಲ್ಲೂ ಬಹಳ ಜನ ಶಾರ್ಕ್ ಮನುಷ್ಯನ ತಂಟೆಗೆ ಬರುವುದಿಲ್ಲ ಎಂದೇ ನಂಬಿದ್ದರು. ಅದೂ ತಪ್ಪು ನಂಬಿಕೆಯೇ. 1916ರ ಜುಲೈ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿಯ ಕರಾವಳಿಯಲ್ಲಿ 12 ದಿನಗಳ ಒಳಗೆ ಶಾರ್ಕ್ ಕಚ್ಚಿ ನಾಲ್ಕು ಜನ ಸತ್ತರು, ಒಬ್ಬರು ಗಾಯಗೊಂಡರು. ಅಲ್ಲಿಂದ ಜನರ ಮನಸ್ಸು ಪೂರ್ತಿ ಭಯದ ಕಡೆಗೆ ವಾಲಿತು. 1975ರಲ್ಲಿ ಬಂದ ಒಂದು ಹಾಲಿವುಡ್ ಚಿತ್ರ ಉಳಿದ ಕೆಲಸ ಮಾಡಿತು. ಆ ಚಿತ್ರದ ಮೂಲ ಕಾದಂಬರಿ ಬರೆದವರೇ ಮುಂದೆ ಶಾರ್ಕ್‌ಗಳನ್ನು ಉಳಿಸಬೇಕು ಎಂದು ಊರೂರು ತಿರುಗಿ ಮಾತಾಡಿದರು. ಆದರೆ ಆ ಮಾತು ಚಿತ್ರದಷ್ಟು ದೂರ ಹೋಗಲಿಲ್ಲ. ಶಾರ್ಕ್ ಇರುವ 109 ಸಿನಿಮಾಗಳನ್ನು ಇಬ್ಬರು ಸಂಶೋಧಕರು ಕೂತು ನೋಡಿದರು. ಅವುಗಳಲ್ಲಿ 96% ಸಿನಿಮಾಗಳಲ್ಲಿ ಶಾರ್ಕ್ ಅಂದರೆ ಮನುಷ್ಯನಿಗೆ ಅಪಾಯ ಎಂದೇ ತೋರಿಸಿದ್ದಾರೆ.

ಸುದ್ದಿಯಲ್ಲಿ ಬರುವ 'ದಾಳಿ' ಎಂಬ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1979ರಿಂದ 2009ರವರೆಗೆ ಶಾರ್ಕ್ ದಾಳಿ ಎಂದು ವರದಿಯಾದ ಘಟನೆಗಳಲ್ಲಿ 38% ಘಟನೆಗಳಲ್ಲಿ ಯಾರಿಗೂ ಒಂದು ಗಾಯವೂ ಆಗಿರಲಿಲ್ಲ. ದೋಣಿಗೆ ತಾಗಿದ್ದು, ಸರ್ಫ್ ಹಲಗೆ ಕಚ್ಚಿದ್ದು, ಹತ್ತಿರ ಬಂದು ಹೋದದ್ದು, ಎಲ್ಲವೂ ದಾಳಿಯ ಲೆಕ್ಕಕ್ಕೇ ಸೇರಿತ್ತು.

ರಕ್ತದ ವಿಷಯಕ್ಕೆ ಬರುತ್ತೇನೆ. ಶಾರ್ಕ್‌ನ ಮೂಗು ಬಹಳ ಚುರುಕು, ಅದು ನಿಜ. ಆದರೆ ವಾಸನೆ ನೀರಿನಲ್ಲಿ ತಾನಾಗಿ ಓಡುವುದಿಲ್ಲ. ನೀರಿನ ಹರಿವು ಅದನ್ನು ಹೊತ್ತು ಒಯ್ಯಬೇಕು. ಹರಿವು ಇರುವ ದಿಕ್ಕಿನಲ್ಲಿ ಶಾರ್ಕ್ ಇರಬೇಕು. ಅಷ್ಟು ಹೊತ್ತಿಗೆ ಆ ಹನಿ ಕರಗಿ ತೆಳುವಾಗಿರುತ್ತದೆ. ಮೈಲುಗಟ್ಟಲೆ ದೂರದಿಂದ ಒಂದು ಹನಿಗೆ ಓಡಿ ಬರುತ್ತದೆ ಎಂಬುದು ಕಟ್ಟುಕತೆ. ವಾಸನೆ ಸಿಕ್ಕರೂ ಹೆಚ್ಚೆಂದರೆ ಕೆಲವು ನೂರು ಮೀಟರ್‌ಗಳ ಮಾತು. ಮುಟ್ಟಿನ ದಿನಗಳಲ್ಲಿ ಅಪಾಯ ಹೆಚ್ಚುತ್ತದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಎಷ್ಟೋ ದಶಕಗಳಿಂದ ಹೆಣ್ಣುಮಕ್ಕಳು ಡೈವಿಂಗ್ ಮಾಡುತ್ತಿದ್ದಾರೆ, ಕಲಿಸುತ್ತಿದ್ದಾರೆ, ಶಾರ್ಕ್‌ಗಳ ನಡುವೆಯೇ ಸಂಶೋಧನೆ ಮಾಡುತ್ತಿದ್ದಾರೆ. ಇಷ್ಟು ವರ್ಷಗಳ ದಾಖಲೆಯಲ್ಲಿ ಕಚ್ಚಿಸಿಕೊಂಡವರಲ್ಲಿ ಬಹುಪಾಲು ಗಂಡಸರೇ. ಸರ್ಫಿಂಗ್ ಹಲಗೆಯ ಮೇಲೆ ಹೆಚ್ಚು ಹೊತ್ತು ಕಳೆದವರು ಅವರೇ ಆಗಿದ್ದರಿಂದ ಹಾಗೆ. ಮಗಳು ಈ ಒಂದು ಚಿಂತೆಯನ್ನು ಪೂರ್ತಿ ಬಿಟ್ಟುಬಿಡಲಿ.

ಹಾಗಾದರೆ ಶಾರ್ಕ್ ಯಾಕೆ ಕಚ್ಚುತ್ತದೆ? ಮೊದಲು ಯಾವ ಶಾರ್ಕ್ ಅಂತ ಕೇಳಬೇಕು. 500ಕ್ಕೂ ಹೆಚ್ಚು ಜಾತಿಗಳಿವೆ. ಅಂಗೈಗಿಂತ ಸ್ವಲ್ಪ ಉದ್ದದ ಲ್ಯಾಂಟರ್ನ್ ಶಾರ್ಕ್ ಇದೆ. ಬಸ್ಸಿಗಿಂತ ಉದ್ದದ ತಿಮಿಂಗಿಲ ಶಾರ್ಕ್ ಇದೆ, ಅದು ನೀರು ಸೋಸಿ ಸಣ್ಣ ಸಣ್ಣ ಜೀವಿಗಳನ್ನು ತಿನ್ನುವ ಸಾಧು ಪ್ರಾಣಿ. ಜೀವ ತೆಗೆದ ಘಟನೆಗಳಲ್ಲಿ ಬಹುಪಾಲು ಮೂರೇ ಜಾತಿಗಳವು. ದೊಡ್ಡ ಬಿಳಿ ಶಾರ್ಕ್, ಹುಲಿ ಶಾರ್ಕ್ ಮತ್ತು ಬುಲ್ ಶಾರ್ಕ್. ಕೊನೆಯದು ಸಿಹಿನೀರಿಗೂ ಬರುತ್ತದೆ, ದೊಡ್ಡ ನದಿಗಳಲ್ಲಿ ಬಹಳ ದೂರ ಮೇಲೆ ಹೋಗುತ್ತದೆ.

ಈ ಮೂರೂ ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ. ಶಾರ್ಕ್‌ಗಳು ಭೂಮಿಯ ಮೇಲೆ 40 ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲದಿಂದ ಇವೆ, ಮರಗಳಿಗಿಂತಲೂ ಮೊದಲಿನಿಂದ. ಅವುಗಳ ಊಟದ ಪಟ್ಟಿಯಲ್ಲಿ ನಾವು ಇಲ್ಲ. ಬಿಳಿ ಶಾರ್ಕ್ ಕೆಳಗಿನಿಂದ ಮೇಲೆ ನೋಡಿದಾಗ ಹಲಗೆಯ ಮೇಲೆ ಮಲಗಿದ ಮನುಷ್ಯ ಅದಕ್ಕೆ ಬರೀ ಒಂದು ಕಪ್ಪು ಆಕಾರ. ಪರೀಕ್ಷಿಸಿದ ಬಹಳಷ್ಟು ಶಾರ್ಕ್ ಜಾತಿಗಳ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ ಎಂದೇ ತೋರುತ್ತದೆ. ಬೆಳಕು ಕತ್ತಲೆಯ ವ್ಯತ್ಯಾಸ ಮಾತ್ರ ಕಾಣುತ್ತದೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2021ರಲ್ಲಿ ಇದನ್ನೇ ಪರೀಕ್ಷಿಸಿದರು. ಎಳೆಯ ಬಿಳಿ ಶಾರ್ಕ್‌ನ ಕಣ್ಣಿಗೆ ಈಜುವ ಮನುಷ್ಯನಿಗೂ ಸೀಲ್ ಪ್ರಾಣಿಗೂ ವ್ಯತ್ಯಾಸ ತಿಳಿಯುವುದು ಕಷ್ಟ ಎಂದು ಕಂಡುಕೊಂಡರು. ಎಲ್ಲ ಕಡಿತಕ್ಕೂ ಇದೊಂದೇ ಕಾರಣ ಎಂದು ನಾನು ಹೇಳಲಾರೆ, ನನ್ನ ಸಹೋದ್ಯೋಗಿಗಳಲ್ಲೂ ಇದರ ಬಗ್ಗೆ ಒಮ್ಮತ ಇಲ್ಲ. ಶಾರ್ಕ್‌ಗೆ ಕೈ ಇಲ್ಲ. ಏನೋ ಹೊಸದು ಕಂಡರೆ ಅದು ಬಾಯಿಯಿಂದಲೇ ಮುಟ್ಟಿ ನೋಡಬೇಕು. ಹೆಚ್ಚಿನ ಸಲ ಒಂದೇ ಸಲ ಕಚ್ಚಿ ಬಿಟ್ಟು ಹೋಗುತ್ತದೆ. ಕಷ್ಟ ಏನೆಂದರೆ, ನಾಲ್ಕು ಮೀಟರ್ ಉದ್ದದ ಪ್ರಾಣಿ ಸುಮ್ನೆ ಮುಟ್ಟಿ ನೋಡಿದರೂ ನಮ್ಮ ದೊಡ್ಡ ರಕ್ತನಾಳ ತುಂಡಾಗಬಹುದು. ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ರಕ್ತ ಹರಿದು.

ಒಂದು ಜಾಗದಲ್ಲಿ ಕಡಿತ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಅಲ್ಲಿ ಏನೋ ಬದಲಾಗಿರುತ್ತದೆ. ಬ್ರೆಜಿಲ್‌ನ ರೆಸಿಫೆ ನಗರದ ಕಡಲತೀರವನ್ನೇ ನೋಡಿ. 1992ಕ್ಕಿಂತ ಮೊದಲು ಅಲ್ಲಿ ಶಾರ್ಕ್ ತೊಂದರೆ ಎಂಬ ಮಾತೇ ಇರಲಿಲ್ಲ. ಆಮೇಲೆ 60ಕ್ಕೂ ಹೆಚ್ಚು ಘಟನೆಗಳು ನಡೆದವು. ನಗರದ ದಕ್ಷಿಣಕ್ಕೆ ಸುವಾಪೆ ಎಂಬ ದೊಡ್ಡ ಬಂದರು ಕಟ್ಟಿದ್ದರು. ಅದಕ್ಕಾಗಿ ನದೀಮುಖಗಳನ್ನು ಮುಚ್ಚಿದರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದರು. ಬುಲ್ ಶಾರ್ಕ್‌ಗಳು ಮರಿ ಹಾಕುತ್ತಿದ್ದ ಜಾಗ ಹೋಯಿತು. ಅವು ಜನ ಈಜುವ ಕಡೆಗೆ ಬಂದವು ಎಂಬುದು ಅಲ್ಲಿನ ಸಂಶೋಧಕರ ವಿವರಣೆ. ಶಾರ್ಕ್‌ಗಳನ್ನು ಹಿಡಿದು ಜೀವಂತವಾಗಿ ದೂರದ ಆಳ ಕಡಲಿನಲ್ಲಿ ಬಿಡುವ ಕೆಲಸ ನಡೆದ ತಿಂಗಳುಗಳಲ್ಲಿ ಘಟನೆಗಳು ಬಹಳ ಇಳಿದವು. ಕೊಲ್ಲದೆಯೂ ದಾರಿ ಇದೆ ಎಂಬುದಕ್ಕೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಈಗ ಮಗಳು ಮಾಡಬೇಕಾದ್ದು. ನಸುಕಿನಲ್ಲಿ, ಸಂಜೆ ಕತ್ತಲಾಗುವಾಗ ಕಡಲಿಗೆ ಇಳಿಯುವುದು ಬೇಡ. ನದಿ ಕಡಲು ಸೇರುವ ಕಡೆ, ಮಳೆ ಬಂದು ನೀರು ಕದಡಿರುವಾಗ ಬೇಡ. ಯಾರಾದರೂ ಮೀನು ಹಿಡಿಯುತ್ತಿದ್ದರೆ, ಮೀನಿನ ಕರುಳು ಎಸೆಯುತ್ತಿದ್ದರೆ, ಹಕ್ಕಿಗಳು ಗುಂಪಾಗಿ ನೀರಿಗೆ ಬಡಿಯುತ್ತಿದ್ದರೆ ಅಲ್ಲಿಂದ ದೂರ ಇರಲಿ. ಹೊಳೆಯುವ ಸರ, ಬಳೆ ತೆಗೆದಿಡಲಿ, ಅದು ಮೀನಿನ ಹೊಳಪಿನ ಹಾಗೆ ಕಾಣುತ್ತದೆ. ಒಬ್ಬಳೇ ಇಳಿಯಲೇಬಾರದು. ಮೀನು ತಿನ್ನಿಸಿ ಶಾರ್ಕ್ ಹತ್ತಿರ ಕರೆಸುವ ಪ್ರವಾಸಗಳೂ ಇವೆ. ಮೊದಲ ವರ್ಷ ಅಂಥದ್ದಕ್ಕೆ ಹೋಗದಿರುವುದು ಒಳ್ಳೆಯದು. ಎಂಥ ಸಾಧು ಶಾರ್ಕ್ ಆದರೂ ಮುಟ್ಟಬಾರದು, ಬಾಲ ಹಿಡಿಯಬಾರದು. ಕಡಲ ತಳದಲ್ಲಿ ನಿದ್ದೆ ಮಾಡಿದ ಹಾಗೆ ಮಲಗಿರುವ ನರ್ಸ್ ಶಾರ್ಕ್ ಕಚ್ಚಿದ್ದು ಬಹಳ ಸಲ ಯಾರೋ ಅದನ್ನು ಕೆಣಕಿದ್ದಕ್ಕೇ. ಅಂದ ಹಾಗೆ, ಈಜುವುದು ನಿಲ್ಲಿಸಿದರೆ ಶಾರ್ಕ್ ಸಾಯುತ್ತದೆ ಎಂಬುದೂ ಎಲ್ಲ ಜಾತಿಗೂ ನಿಜವಲ್ಲ. ನರ್ಸ್ ಶಾರ್ಕ್‌ನಂಥವು ಮಲಗಿದಲ್ಲೇ ಬಾಯಿಂದ ನೀರೆಳೆದು ಕಿವಿರಿನಿಂದ ಬಿಡುತ್ತಾ ಉಸಿರಾಡುತ್ತವೆ.

ಶಾರ್ಕ್ ಎದುರಾದರೆ ನಿಂತ ಭಂಗಿಯಲ್ಲಿ ಇರಬೇಕು. ಅದರ ಮೇಲೆ ಕಣ್ಣಿಡಬೇಕು. ಜೊತೆಗಾರರ ಹತ್ತಿರ ಸರಿಯಬೇಕು. ಉಸಿರು ಉದ್ದವಾಗಿ, ನಿಧಾನವಾಗಿ ಬಿಡಬೇಕು. ಬೆನ್ನು ತಿರುಗಿಸಿ ಕಾಲು ಬಡಿಯುತ್ತಾ ಓಡಬಾರದು. ನೂರಕ್ಕೆ ತೊಂಬತ್ತೊಂಬತ್ತು ಸಲ ಅಷ್ಟರಲ್ಲಿ ಅದು ಹೋಗಿರುತ್ತದೆ, ಇದು ಲೆಕ್ಕ ಇಟ್ಟು ಹೇಳುವುದಲ್ಲ, ನನ್ನ ಅನುಭವದ ಮಾತು. ಹವಳದ ದಿಬ್ಬಗಳ ಬೂದು ಶಾರ್ಕ್‌ಗೆ ಸಿಟ್ಟು ಬಂದರೆ ಅದು ಮೊದಲು ಎಚ್ಚರಿಕೆ ಕೊಡುತ್ತದೆ. ಬೆನ್ನು ಗೂನಾಗುತ್ತದೆ, ಪಕ್ಕದ ರೆಕ್ಕೆಗಳು ಕೆಳಕ್ಕೆ ಬಾಗುತ್ತವೆ, ತಲೆ ಅತ್ತಿತ್ತ ಆಡಿಸುತ್ತಾ ಗಡುಸಾಗಿ ಈಜುತ್ತದೆ. ಇದು ಕಂಡರೆ ಅದರ ದಾರಿಗೆ ಅಡ್ಡ ನಿಲ್ಲದೆ ನಿಧಾನವಾಗಿ ಹಿಂದೆ ಸರಿಯಬೇಕು. ನಿಜವಾಗಿಯೂ ಕಚ್ಚಲು ಬಂದರೆ ಕಣ್ಣಿಗೆ, ಕಿವಿರಿಗೆ ಹೊಡೆಯಬೇಕು. ಕಚ್ಚಿದರೆ ಕೂಡಲೇ ನೀರಿನಿಂದ ಹೊರಗೆ ತಂದು ಗಾಯವನ್ನು ಬಲವಾಗಿ ಒತ್ತಿಹಿಡಿಯಬೇಕು. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ ಮೇಲೆ ಬಿಗಿಯಾಗಿ ಕಟ್ಟಬೇಕು. ದೋಣಿಯಲ್ಲಿ ರಕ್ತ ನಿಲ್ಲಿಸುವ ಪಟ್ಟಿ ಮತ್ತು ಆಮ್ಲಜನಕದ ಸಿಲಿಂಡರ್ ಇವೆಯೇ ಎಂದು ಕೋರ್ಸ್ ನಡೆಸುವವರನ್ನು ನೀವು ಕೇಳಿ. ಇವೆರಡೂ ಬೇರೆ ಹತ್ತು ಅವಘಡಗಳಿಗೂ ಬೇಕಾಗುತ್ತವೆ. ಕೇಳಿದ್ದಕ್ಕೆ ಅವರು ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ.

ಶಾರ್ಕ್ ಓಡಿಸುವ ವಿದ್ಯುತ್ ಸಾಧನಗಳ ಬಗ್ಗೆ ಅವಳು ಕೇಳಬಹುದು. ಶಾರ್ಕ್‌ನ ಮೂತಿಯ ಸುತ್ತ ಲೋಳೆ ತುಂಬಿದ ಸಣ್ಣ ಸಣ್ಣ ರಂಧ್ರಗಳಿವೆ. 1678ರಲ್ಲಿ ಇಟಲಿಯ ಲೊರೆಂಜಿನಿ ಅವುಗಳನ್ನು ವಿವರಿಸಿದ್ದರಿಂದ ಅವರದೇ ಹೆಸರು ಬಂದಿದೆ. ಬೇರೆ ಪ್ರಾಣಿಗಳ ಮೈಯಿಂದ ಹೊಮ್ಮುವ ತೀರಾ ಸಣ್ಣ ವಿದ್ಯುತ್ತನ್ನೂ ಶಾರ್ಕ್ ಇವುಗಳಿಂದ ಗುರುತಿಸುತ್ತದೆ. ಅಲ್ಲಿಗೆ ಕಿರಿಕಿರಿಯಾಗುವಷ್ಟು ವಿದ್ಯುತ್ ಬಿಟ್ಟರೆ ಅದು ದೂರ ಸರಿಯುತ್ತದೆ ಎಂಬುದು ಈ ಸಾಧನಗಳ ಲೆಕ್ಕಾಚಾರ. 2018ರಲ್ಲಿ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರು ಸರ್ಫಿಂಗ್ ಮಾಡುವವರಿಗೆಂದು ಮಾರುವ ಐದು ಸಾಧನಗಳನ್ನು ಬಿಳಿ ಶಾರ್ಕ್‌ಗಳ ಮುಂದೆ ಪರೀಕ್ಷಿಸಿದರು. ಸಾಧನ ಇಲ್ಲದಿದ್ದಾಗ ಶಾರ್ಕ್‌ಗಳು 96% ಸಲ ಆಮಿಷ ಕಚ್ಚಿದವು. ಅತ್ಯುತ್ತಮ ಸಾಧನ ಇದ್ದಾಗ 40% ಸಲ. ಅಂದರೆ ಕೆಲಸ ಮಾಡುತ್ತದೆ, ಆದರೆ ಪೂರ್ತಿ ರಕ್ಷಣೆ ಅಲ್ಲ. ಉಳಿದ ಕೆಲವು ಸಾಧನಗಳಿಂದ ಗುರುತಿಸುವಂಥ ಪ್ರಯೋಜನವೇ ಕಾಣಲಿಲ್ಲ. ಹೊಸಬರಿಗೆ ಇದು ಬೇಡ, ಕಾಲಿಗೆ ಕಟ್ಟಿದ ಯಂತ್ರದ ಮೇಲೆ ಧೈರ್ಯ ಇಟ್ಟುಕೊಂಡು ಎಚ್ಚರ ಬಿಡುತ್ತಾರೆ.

ನಿಮ್ಮ ತಮ್ಮನ ಮಾತಿಗೆ ಬರೋಣ. ಎಲ್ಲಾ ಹಿಡಿದು ಮುಗಿಸಿದರೆ ಆಗದೇ ಎಂಬ ಪ್ರಶ್ನೆಯನ್ನು ಸರ್ಕಾರಗಳೂ ಕೇಳಿವೆ, ಮಾಡಿಯೂ ನೋಡಿವೆ. ಹವಾಯಿಯಲ್ಲಿ 1959ರಿಂದ 1976ರವರೆಗೆ 4,668 ಶಾರ್ಕ್‌ಗಳನ್ನು ಕೊಂದರು. ಶಾರ್ಕ್ ಕಚ್ಚುವ ಪ್ರಮಾಣದಲ್ಲಿ ಅಳೆಯುವಷ್ಟು ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕೆಲವು ತಿಂಗಳು ದೊಡ್ಡ ಗಾಳ ಹಾಕಿಟ್ಟರು. 172 ಶಾರ್ಕ್ ಸಿಕ್ಕವು. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದರೋ ಆ ಬಿಳಿ ಶಾರ್ಕ್ ಒಂದೂ ಇರಲಿಲ್ಲ. ಇನ್ನು ಬಲೆ. ನ್ಯೂ ಸೌತ್ ವೇಲ್ಸ್‌ನಲ್ಲಿ 1937ರಿಂದ ಶಾರ್ಕ್ ಬಲೆ ಹಾಕುತ್ತಿದ್ದಾರೆ. ಜನ ಅದನ್ನು ಗೋಡೆ ಅಂದುಕೊಳ್ಳುತ್ತಾರೆ. ಅಲ್ಲಿನ ಬಲೆ 150 ಮೀಟರ್ ಉದ್ದ, 6 ಮೀಟರ್ ಎತ್ತರ. ಶಾರ್ಕ್ ಪಕ್ಕದಿಂದ, ಮೇಲಿನಿಂದ ಆರಾಮಾಗಿ ದಾಟಬಹುದು. ಅದರಲ್ಲಿ ಸಿಕ್ಕಿ ಸಾಯುವುದು ಕಡಲಾಮೆ, ಡಾಲ್ಫಿನ್, ಚಪ್ಪಟೆ ಮೈಯ ತೊರಕೆ ಮೀನು, ಯಾರಿಗೂ ತೊಂದರೆ ಕೊಡದ ಶಾರ್ಕ್‌ಗಳು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2004ರಿಂದ ಬೇರೆ ದಾರಿ ಹಿಡಿದಿದ್ದಾರೆ. ಕಡಲತೀರದ ಪಕ್ಕದ ಬೆಟ್ಟದ ಮೇಲೆ ಜನರನ್ನು ಕೂರಿಸಿ ನೀರನ್ನು ಕಾಯುತ್ತಾರೆ. ಶಾರ್ಕ್ ಕಂಡರೆ ಸೈರನ್ ಕೂಗಿ ಎಲ್ಲರನ್ನೂ ದಡಕ್ಕೆ ಕರೆಯುತ್ತಾರೆ. ನೀರು ಕದಡಿ ಏನೂ ಕಾಣದ ದಿನ ಕಪ್ಪು ಬಾವುಟ ಹಾರಿಸುತ್ತಾರೆ. ಕಾಣುತ್ತಿಲ್ಲ ಎಂಬುದನ್ನೂ ಜನರಿಗೆ ಹೇಳುವ ಆ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸುತ್ತದೆ.

ಶಾರ್ಕ್ ಇಲ್ಲದ ಕಡಲು ಹೇಗಿರುತ್ತದೆ? ಕೇಪ್‌ಟೌನ್ ಪಕ್ಕದ ಫಾಲ್ಸ್ ಬೇ ಕೊಲ್ಲಿಯಲ್ಲೇ ಅದು ಕಣ್ಣೆದುರು ನಡೆದಿದೆ. ಅಲ್ಲಿನ ಸೀಲ್ ದ್ವೀಪದ ಸುತ್ತ ಬಿಳಿ ಶಾರ್ಕ್‌ಗಳು ಬೇಟೆಯಾಡುತ್ತಿದ್ದವು. 2015ರಿಂದ ಈಚೆಗೆ ಕಡಿಮೆಯಾಗುತ್ತಾ ಬಂದು ಕೆಲವೇ ವರ್ಷಗಳಲ್ಲಿ ಕಾಣದೇ ಹೋದವು. ಅವುಗಳ ಯಕೃತ್ತಿಗಾಗಿ ಬೇಟೆಯಾಡುವ ಓರ್ಕಾ ತಿಮಿಂಗಿಲಗಳು ಕಾರಣ ಎಂದು ಕೆಲವರು, ಮನುಷ್ಯರ ಬಲೆ ಮತ್ತು ಗಾಳ ಕಾರಣ ಎಂದು ಕೆಲವರು ಹೇಳುತ್ತಾರೆ. ಆಮೇಲೆ ಆದದ್ದು ನೋಡಿ. ಸೀಲ್‌ಗಳು ಹೆಚ್ಚಾದವು. ಬಿಳಿ ಶಾರ್ಕ್‌ಗೆ ಹೆದರುತ್ತಿದ್ದ ಏಳು ಕಿವಿರಿನ ಶಾರ್ಕ್‌ಗಳು ಆ ಜಾಗಕ್ಕೆ ಬಂದವು. ಸೀಲ್‌ಗಳು ತಿನ್ನುವ ಮೀನು ಕಡಿಮೆಯಾದವು. ಏಳು ಕಿವಿರಿನ ಶಾರ್ಕ್ ತಿನ್ನುವ ಸಣ್ಣ ಶಾರ್ಕ್‌ಗಳೂ ಕಡಿಮೆಯಾದವು. ಮೇಲಿನ ಒಂದು ಪ್ರಾಣಿ ಹೋದರೆ ಕೆಳಗೆ ಎರಡು ಮೆಟ್ಟಿಲವರೆಗೂ ಏರುಪೇರಾಯಿತು. 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೆಲ್ಲ ಇದೆ.

ನನಗೆ ಇನ್ನೂ ಹತ್ತಿರವಾದ ಉದಾಹರಣೆ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ. ಅಲ್ಲಿ ನೀರಿನ ತಳದಲ್ಲಿ ಕಣ್ಣು ಹಾಯುವವರೆಗೂ ಕಡಲಹುಲ್ಲು. ಕಡಲಹಸು ಎಂದು ಕರೆಯುವ ಡುಗಾಂಗ್, ಕಡಲಾಮೆ ಅದನ್ನು ಮೇಯುತ್ತವೆ. ಡುಗಾಂಗ್ ಹುಲ್ಲನ್ನು ಬೇರುಸಮೇತ ಅಗೆದು ತಿನ್ನಬಲ್ಲದು. ಆದರೆ ಅಗೆಯುವಾಗ ಮುಖ ಕೆಸರಿನಲ್ಲಿ ಇರುತ್ತದೆ, ಸುತ್ತ ಏನಿದೆ ಕಾಣುವುದಿಲ್ಲ. ಹುಲಿ ಶಾರ್ಕ್ ಓಡಾಡುವ ತಿಂಗಳುಗಳಲ್ಲಿ ಡುಗಾಂಗ್ ಹಾಗೆ ಅಗೆಯುವುದನ್ನು ಕಡಿಮೆ ಮಾಡುತ್ತದೆ, ಮೇಲುಮೇಲಿನ ಎಲೆ ಕಿತ್ತು ತಿನ್ನುತ್ತದೆ. ಶಾರ್ಕ್ ಒಂದು ಡುಗಾಂಗನ್ನೂ ಕೊಲ್ಲದೆ, ಬರೀ ತಾನು ಇರುವುದರಿಂದಲೇ ಹುಲ್ಲುಗಾವಲನ್ನು ಕಾಯುತ್ತಿದೆ. 2011ರಲ್ಲಿ ಅಲ್ಲಿ ಕಡಲು ಬಿಸಿಯಾಗಿ ತುಂಬಾ ಹುಲ್ಲು ಸತ್ತಿತು. ಆಗ ಸಂಶೋಧಕರು ಕೆಲವು ಕಡೆ ಡುಗಾಂಗ್ ಅಗೆದ ಹಾಗೆಯೇ ಹುಲ್ಲು ಕಿತ್ತು ಪರೀಕ್ಷಿಸಿದರು. ಕಾವಲು ಇಲ್ಲದಿದ್ದರೆ ಹಳೆಯ ದಟ್ಟ ಹುಲ್ಲು ಮತ್ತೆ ಮೇಲೇಳುವುದು ಕಷ್ಟ ಎಂದು ಕಂಡಿತು. ಆ ಹುಲ್ಲಿನ ನಡುವೆಯೇ ಮೀನಿನ ಮರಿಗಳು ಬೆಳೆಯುವುದು, ಆ ಹುಲ್ಲಿನ ಬೇರಿನ ಕೆಳಗೇ ಇಂಗಾಲ ಕೂತಿರುವುದು.

ಶಾರ್ಕ್ ಪರವಾಗಿ ಮಾತಾಡುವವರೂ ಕೆಲವೊಮ್ಮೆ ಅತಿ ಮಾಡುತ್ತಾರೆ. ಶಾರ್ಕ್ ಹೋದರೆ ನಮಗೆ ಉಸಿರಾಡಲು ಆಮ್ಲಜನಕ ಇರುವುದಿಲ್ಲ ಎಂಬ ಪೋಸ್ಟ್ ನೀವೂ ನೋಡಿರಬಹುದು. ಅದಕ್ಕೆ ಆಧಾರ ಇಲ್ಲ. ಇನ್ನೊಂದು ಪ್ರಸಿದ್ಧ ಕಥೆ ಇದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ದೊಡ್ಡ ಶಾರ್ಕ್ ಕಡಿಮೆಯಾಗಿ ತೊರಕೆಗಳು ಹೆಚ್ಚಿದವು, ಅವು ಚಿಪ್ಪುಮೀನುಗಳನ್ನೆಲ್ಲ ತಿಂದು ಮುಗಿಸಿದವು ಎಂದು. 2007ರಲ್ಲಿ ಬಂದ ಆ ಅಧ್ಯಯನವನ್ನು ನಾನೇ ಎಷ್ಟೋ ಕಡೆ ಹೇಳಿದ್ದೇನೆ. 2016ರಲ್ಲಿ ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ ಅದು ನಿಲ್ಲಲಿಲ್ಲ. ತೊರಕೆಗಳು ನಿಧಾನವಾಗಿ ಹೆರುವ ಪ್ರಾಣಿ, ಅಷ್ಟು ಬೇಗ ಹೆಚ್ಚಲು ಸಾಧ್ಯವೇ ಇಲ್ಲ ಎಂದು ತೋರಿಸಿದರು. ಅವತ್ತಿನಿಂದ ಆ ಕಥೆ ಹೇಳುವುದನ್ನು ಬಿಟ್ಟಿದ್ದೇನೆ. ಶಾರ್ಕ್‌ಗೆ ಸುಳ್ಳಿನ ಸಹಾಯ ಬೇಕಿಲ್ಲ.

ಹಿಡಿದು ಮುಗಿಸುವ ಮಾತು ಎಷ್ಟು ನಿಜಕ್ಕೆ ಹತ್ತಿರ ಬಂದಿದೆ ಎಂದು ನಿಮ್ಮ ತಮ್ಮನಿಗೆ ಗೊತ್ತಿರಲಿಕ್ಕಿಲ್ಲ. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳು 1970ರಿಂದ ಈಚೆಗೆ 71% ಕಡಿಮೆಯಾಗಿವೆ. ಇಡೀ ಶಾರ್ಕ್ ಮತ್ತು ತೊರಕೆ ಬಳಗದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜಾತಿಗಳು ಅಳಿವಿನ ಅಂಚಿಗೆ ಬಂದಿವೆ. 58 ದೇಶಗಳ 371 ಹವಳದ ದಿಬ್ಬಗಳಲ್ಲಿ ನೀರಿನೊಳಗೆ ಕ್ಯಾಮೆರಾ ಇಟ್ಟು ನೋಡಿದ ಅಧ್ಯಯನ 2020ರಲ್ಲಿ ಬಂತು. ಸುಮಾರು ಐದರಲ್ಲಿ ಒಂದು ದಿಬ್ಬದಲ್ಲಿ ಶಾರ್ಕ್ ಕಾಣಲೇ ಇಲ್ಲ. ಮೀನುಗಾರಿಕೆಯಲ್ಲಿ ವರ್ಷಕ್ಕೆ ಕಡಿಮೆ ಎಂದರೂ 8 ಕೋಟಿಯಷ್ಟು ಶಾರ್ಕ್ ಸಾಯುತ್ತಿವೆ. ರೆಕ್ಕೆ ಮಾತ್ರ ಕತ್ತರಿಸಿ, ಬದುಕಿರುವ ಮೈಯನ್ನು ಕಡಲಿಗೆ ಎಸೆಯುವುದನ್ನು ಬಹಳ ದೇಶಗಳು ನಿಷೇಧಿಸಿವೆ. ಅದು ಆಗಲೇಬೇಕಿತ್ತು. ಆದರೆ ಒಟ್ಟು ಸಾವು ಇಳಿಯಲಿಲ್ಲ. ಈಗ ಇಡೀ ಶಾರ್ಕನ್ನೇ ದಡಕ್ಕೆ ತರುತ್ತಾರೆ, ಮಾಂಸಕ್ಕೂ ಮಾರುಕಟ್ಟೆ ಬೆಳೆದಿದೆ. ಬೇರೆ ಮೀನಿಗೆ ಹಾಕಿದ ಗಾಳಕ್ಕೆ ಸಿಕ್ಕಿ ಸಾಯುವವೂ ಬಹಳ.

ಹೀಗೆ ಹೋದದ್ದು ಬೇಗ ತುಂಬಿ ಬರುವುದಿಲ್ಲ. ಕಾಡ್ ಮೀನು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಹೆಣ್ಣು ಬಿಳಿ ಶಾರ್ಕ್ ಮೊದಲ ಮರಿ ಹಾಕಲು ಸುಮಾರು 30 ವರ್ಷ ಬೇಕು. ಸ್ಯಾಂಡ್ ಟೈಗರ್ ಶಾರ್ಕ್‌ನ ಗರ್ಭದಲ್ಲಿ ಬಲಿತ ಮರಿ ತನ್ನ ಒಡಹುಟ್ಟಿದವರನ್ನೇ ತಿಂದು ಬೆಳೆಯುತ್ತದೆ, ಕೊನೆಗೆ ಹುಟ್ಟುವುದು ಎರಡೇ ಮರಿ. ಸ್ಪೈನಿ ಡಾಗ್‌ಫಿಶ್ ಎಂಬ ಸಣ್ಣ ಶಾರ್ಕ್ ಸುಮಾರು ಎರಡು ವರ್ಷ ಬಸುರಿಯಾಗಿರುತ್ತದೆ. ಗ್ರೀನ್‌ಲ್ಯಾಂಡ್ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 150 ವರ್ಷ ಬೇಕು ಎಂದು 2016ರ ಅಧ್ಯಯನ ಅಂದಾಜು ಮಾಡಿದೆ. ಇಂಥ ಪ್ರಾಣಿಯನ್ನು ಒಂದು ತಲೆಮಾರಿನ ಭಯಕ್ಕೆ ಕೊಂದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಮರಳಿ ಬಂದಿರುವುದಿಲ್ಲ. ನನಗೆ ಇದನ್ನು ಬರೆಯುವಾಗ ಕಷ್ಟವಾಗುತ್ತದೆ. ನಾನು ಕಲಿತ ಆ ಹವಳದ ದಿಬ್ಬಕ್ಕೆ ಮೂರು ವರ್ಷದ ಹಿಂದೆ ಮತ್ತೆ ಹೋಗಿದ್ದೆ. ಐದು ದಿನ ಇಳಿದೆ. ಒಂದೂ ಬೂದು ಶಾರ್ಕ್ ಕಾಣಲಿಲ್ಲ.

ದಾರಿ ಇಲ್ಲ ಎಂದಲ್ಲ. ಪಲಾವ್ ಎಂಬ ಪುಟ್ಟ ದ್ವೀಪದೇಶ 2009ರಲ್ಲಿ ತನ್ನ ಇಡೀ ಕಡಲಿನಲ್ಲಿ ವಾಣಿಜ್ಯಕ್ಕಾಗಿ ಶಾರ್ಕ್ ಹಿಡಿಯುವುದನ್ನು ನಿಲ್ಲಿಸಿತು. ಅಲ್ಲಿ ಹವಳದ ದಿಬ್ಬದ ಒಂದು ಶಾರ್ಕ್ ತನ್ನ ಜೀವಮಾನದಲ್ಲಿ ಪ್ರವಾಸೋದ್ಯಮಕ್ಕೆ ತರುವ ಹಣ ಸುಮಾರು 19 ಲಕ್ಷ ಡಾಲರ್ ಎಂದು 2011ರಲ್ಲಿ ಲೆಕ್ಕ ಹಾಕಿದ್ದರು. ಆ ಹಣ ಕೊಡುವವರು ಯಾರು ಗೊತ್ತಾ? ಶಾರ್ಕ್ ನೋಡಲೆಂದೇ ನೀರಿಗೆ ಇಳಿಯುವ, ನಿಮ್ಮ ಮಗಳಂಥ ಹುಡುಗ ಹುಡುಗಿಯರು.

ಕೋರ್ಸ್‌ಗೆ ಸೇರಿಸುವ ಮೊದಲು ವೈದ್ಯರಲ್ಲಿ ಕಿವಿ, ಶ್ವಾಸಕೋಶ, ಹೃದಯ ತೋರಿಸಿ. ಅಸ್ತಮಾ ಇದ್ದರೆ ಮುಚ್ಚಿಡಬೇಡಿ. ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ, ಕಡಿಮೆ ಇದ್ದಷ್ಟೂ ಒಳ್ಳೆಯದು. ಆ ವಿಡಿಯೋವನ್ನು ಫೋನಿನಿಂದ ತೆಗೆದುಹಾಕಿ. ಅವಳು ಹೊರಡುವ ಮುಂಚಿನ ದಿನ ನಿಮ್ಮ ಭಯವನ್ನು ಅವಳ ಮುಂದೆ ಮುಚ್ಚಿಡಬೇಕಿಲ್ಲ, ಆದರೆ ಅದನ್ನು ಅವಳ ಬೆನ್ನಿಗೆ ಕಟ್ಟಿ ಕಳಿಸಲೂ ಬೇಡಿ. ಗಾಬರಿಯಾದರೆ ಮೊದಲು ಉಸಿರು ಬಿಡು, ಆಮೇಲೆ ಯೋಚಿಸು ಎಂದಷ್ಟೇ ಹೇಳಿ. ಅವಳಿಗೆ ಶಾರ್ಕ್ ಕಾಣಿಸಿದರೆ ಬೆನ್ನಿನ ರೆಕ್ಕೆಯ ತುದಿ ಕಪ್ಪಗಿತ್ತೋ ಬೆಳ್ಳಗಿತ್ತೋ ಎಂದು ನೋಡಿಕೊಂಡು ಬರಲು ಹೇಳಿ. ಯಾವ ಜಾತಿ ಎಂದು ನಾನು ತಿಳಿಸುತ್ತೇನೆ.